ಮಡಕೆಗೆ ಮೂಗು ಮೂಡುವ ಹೊತ್ತು

ತಿಗರಿಯಿಲ್ಲದೆ, ಮಣ್ಣಿನ ಹುರಿ ಸುತ್ತಿ ಕೈಯಿಂದಲೇ ಮಡಕೆ ಕಟ್ಟಿ ಅದರ ಮೇಲೆ ಮುಖ ಮೂಡಿಸುವುದರ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಸೆರಾಮಿಕ್ಸ್ ಶಿಕ್ಷಕರೊಬ್ಬರ ಉತ್ತರ.

ಪ್ರಶ್ನೆ: ಭಾನುವಾರದ ಸೆರಾಮಿಕ್ಸ್ ತರಗತಿಗೆ ಹೋಗುತ್ತೇನೆ. ಹುರಿ ಸುತ್ತಿ ಒಂದಡಿ ಎತ್ತರದ ಮಡಕೆ ಕಟ್ಟಿದೆ. ಎರಡು ದಿನ ಬಿಟ್ಟು ನಮ್ಮ ಅಜ್ಜಿಯ ಮುಖ ಮಾಡಿ ಅಂಟಿಸಿದೆ. ಒಣಗುವಷ್ಟರಲ್ಲಿ ಮೂಗು ಕಳಚಿ ಬಿತ್ತು, ಹುರಿಗಳ ನಡುವೆ ಅಡ್ಡಡ್ಡ ಬಿರುಕು ಬಿಟ್ಟಿತು. ಎಲ್ಲಿ ತಪ್ಪಿದೆ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಮೂಗು ಬಿದ್ದದ್ದಕ್ಕೂ ಹುರಿ ಬಿಟ್ಟದ್ದಕ್ಕೂ ಕಾರಣ ಒಂದೇ. ಎರಡು ಕಡೆಯ ಮಣ್ಣು ಬೇರೆ ಬೇರೆ ಹದದಲ್ಲಿತ್ತು. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ. ಸಾಮಾನ್ಯ ಮಣ್ಣು ಒಣಗುವುದರಲ್ಲೇ ನೂರಕ್ಕೆ ಐದರಿಂದ ಎಂಟರಷ್ಟು ಚಿಕ್ಕದಾಗುತ್ತದೆ. ನಿಮ್ಮ ಮಡಕೆ ಎರಡು ದಿನದಲ್ಲಿ ಕುಗ್ಗಬೇಕಾದದ್ದರಲ್ಲಿ ಬಹುಪಾಲು ಕುಗ್ಗಿ ಮುಗಿಸಿತ್ತು. ಹಸಿ ಮೂಗು ಆಮೇಲೆ ಕುಗ್ಗತೊಡಗಿತು. ಒಂದು ನಿಂತಿದೆ, ಇನ್ನೊಂದು ಎಳೆಯುತ್ತಿದೆ. ನಡುವಿನ ಅಂಟು ಬಿಡದೆ ಇನ್ನೇನು ಮಾಡೀತು?

ಮೊದಲು ಹುರಿಯ ಮಾತು. ಕಿರುಬೆರಳಿನ ದಪ್ಪಕ್ಕೆ ಹೊಸೆಯಿರಿ. ಹೊಸೆದ ಹುರಿಯನ್ನು ಬೆರಳಿಗೆ ಸುತ್ತಿ ನೋಡಿ. ಹೊರಮೈಯಲ್ಲಿ ಸಣ್ಣ ಬಿರುಕು ಕಂಡರೆ ಮಣ್ಣು ಗಟ್ಟಿಯಾಗಿದೆ, ನೀರು ಚಿಮುಕಿಸಿ ಮತ್ತೆ ನಾದಬೇಕು. ಒಂದು ಸುತ್ತು ಇಟ್ಟ ಮೇಲೆ ಒಳಗಡೆಯಿಂದ ಹೆಬ್ಬೆರಳಲ್ಲಿ ಮೇಲಿನ ಹುರಿಯ ಮಣ್ಣನ್ನು ಕೆಳಗಿನದಕ್ಕೆ ಎಳೆದು ಸೇರಿಸಿ. ಹೊರಗೆ ಹುರಿಯ ಗೆರೆಗಳು ಕಾಣಲಿ ಎಂಬ ಆಸೆಯಿದ್ದರೆ ಇರಲಿ, ಒಳಗಡೆ ಮಾತ್ರ ಒಂದು ಗೆರೆಯೂ ಉಳಿಯಕೂಡದು. ಕೆಳಗಿನ ಅಂಚು ಸ್ವಲ್ಪ ಬಿಗಿದುಕೊಂಡಿದ್ದರೆ ಅದನ್ನು ಫೋರ್ಕ್‌ನಿಂದ ಗೀಚಿ, ಅದೇ ಮಣ್ಣನ್ನು ನೀರಲ್ಲಿ ಕಲಸಿದ ಗಟ್ಟಿ ರಾಡಿ ಬಳಿದು, ಆಮೇಲೆ ಮುಂದಿನ ಹುರಿ ಇಡಿ. ಬರೀ ನೀರು ಸವರಿದರೆ ಸಾಲದು. ಕೆಲಸ ನಿಲ್ಲಿಸಿದಾಗ ಮೇಲಂಚಿಗೆ ಒದ್ದೆ ಬಟ್ಟೆ ಹೊದಿಸಿ, ಮಡಕೆಗೆ ಪೂರ್ತಿ ಪ್ಲಾಸ್ಟಿಕ್ ಮುಚ್ಚಿ.

ಇನ್ನು ಮೂಗು. ಮುಖವನ್ನು ಬೇರೆ ಮಾಡಿ ಅಂಟಿಸಬೇಡಿ. ಮಡಕೆಯ ಗೋಡೆಯೇ ಮುಖವಾಗಬೇಕು. ನಾನು ಕಲಿಸುವುದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಹುರಿ ಸುತ್ತುತ್ತ ಹಣೆಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಬಾಯಿ ಇನ್ನೂ ಅಗಲವಿದೆ, ಕೈ ಒಳಗೆ ಹೋಗುತ್ತದೆ. ಗೋಡೆ ತಾನಾಗಿ ನಿಲ್ಲುವಷ್ಟು ಬಿಗಿದು, ಒತ್ತಿದರೆ ಬಗ್ಗುವಷ್ಟು ಹಸಿಯಿರುವ ಹೊತ್ತು ನೋಡಿಕೊಳ್ಳಿ. ಹೊರಗೆ ಎಡಗೈ ಆಸರೆ ಕೊಟ್ಟು ಒಳಗಿನಿಂದ ಬಲಗೈ ಬೆರಳುಗಳಲ್ಲಿ ಕೆನ್ನೆಯನ್ನು ನಿಧಾನವಾಗಿ ಹೊರಕ್ಕೆ ತಳ್ಳಿ. ಹುಬ್ಬಿನ ದಿಂಡು, ಗಲ್ಲ, ಮೂಗಿನ ಕಂಬ, ಎಲ್ಲವೂ ಹೀಗೆಯೇ. ಕಣ್ಣಿನ ಗುಳಿಗಳನ್ನು ಹೊರಗಿನಿಂದ ಒತ್ತಿ. ಒಳಗಿನಿಂದ ಬಂದ ಕೆನ್ನೆಗೆ ತುಂಬಿದ ಚರ್ಮದ ಬಿಗಿ ಇರುತ್ತದೆ. ಮೇಲೆ ಮೆತ್ತಿದ ಮಣ್ಣಿಗೆ ಅದು ಬರುವುದಿಲ್ಲ. ಮೂಗಿನ ತುದಿ, ತುಟಿ, ಕಿವಿಗಳಿಗೆ ಮಾತ್ರ ಹೊಸ ಮಣ್ಣು ಬೇಕಾದೀತು. ಆ ಮಣ್ಣನ್ನು ಅದೇ ಮುದ್ದೆಯಿಂದ ತೆಗೆದು, ಮಡಕೆಯ ಹದಕ್ಕೇ ಬರಿಸಿ, ಎರಡೂ ಕಡೆ ಗೀಚಿ ರಾಡಿ ಹಚ್ಚಿ ಕೂರಿಸಿ. ಹಣೆಯ ಮೇಲಿನ ತಲೆಯನ್ನೂ ಮಡಕೆಯ ಕುತ್ತಿಗೆಯನ್ನೂ ಮುಖ ಮುಗಿದ ಮೇಲೆ ಮುಚ್ಚುತ್ತ ಹೋಗಿ.

ಪೊಳ್ಳು ಮುಖಕ್ಕೆ ಒಳ್ಳೆಯ ಮಾದರಿಯೊಂದಿದೆ. ರಾಜಸ್ಥಾನದ ನಾಥದ್ವಾರದ ಬಳಿಯ ಮೊಲೆಲಾ ಊರಿನ ಕುಂಬಾರರು ದೇವರ ಫಲಕಗಳನ್ನು ಮಾಡುತ್ತಾರೆ. ಚಪ್ಪಟೆ ಹಲಗೆಯ ಮೇಲೆ ಉಬ್ಬಿ ನಿಂತ ದೇವರ ಮೈ ಒಳಗೆ ಪೊಳ್ಳು. ದಪ್ಪವಾಗಿ ಕಾಣುವ ಮುಖದ ಹಿಂದೆಯೂ ಗೋಡೆ ತೆಳುವಾಗಿಯೇ ಇರುತ್ತದೆ. ಆ ಫಲಕ ಒಲೆಯಲ್ಲಿ ಉಳಿಯುವುದು ಅದಕ್ಕೇ.

ಪ್ರಶ್ನೆ: ಮಣ್ಣನ್ನು ಸರಿಯಾಗಿ ನಾದದೆ ಗಾಳಿಗುಳ್ಳೆ ಉಳಿದರೆ, ಮಣ್ಣು ಸುಡುವ ಒಲೆಯಾದ ಕಿಲ್ನ್‌ನಲ್ಲಿ ಮಡಕೆ ಸಿಡಿಯುತ್ತದೆ ಎನ್ನುತ್ತಾರೆ. ನಾನು ಗಂಟೆಗಟ್ಟಲೆ ನಾದಿದ್ದೆ. ಆದರೂ ನನ್ನ ತಲೆಯಾಕಾರದ ಮಡಕೆಯ ಗಲ್ಲ ಸಿಡಿದು ಪಕ್ಕದವರ ಬಟ್ಟಲೂ ಒಡೆಯಿತು.
— ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಸಿಡಿಸುವುದು ನೀರು. ಗಾಳಿಗುಳ್ಳೆಯ ಮೇಲೆ ಹೊರಿಸಿದ ಅಪವಾದ ತರಗತಿಯಿಂದ ತರಗತಿಗೆ ದಾಟುತ್ತ ಬಂದಿದೆ. ಮಣ್ಣಿನೊಳಗೆ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಗೋಡೆ ತೆಳುವಾಗಿದ್ದರೆ ಆವಿ ನುಸುಳಿ ಹೊರಬೀಳುತ್ತದೆ. ನಿಮ್ಮ ಗಲ್ಲ ಗಟ್ಟಿ ಮುದ್ದೆಯಾಗಿದ್ದಿರಬೇಕು. ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿಯಿತ್ತು, ಆವಿಗೆ ದಾರಿ ಸಿಗಲಿಲ್ಲ. ನಾದುವುದನ್ನು ಬಿಡಬೇಡಿ. ಮಣ್ಣು ಒಂದೇ ಹದಕ್ಕೆ ಬರಲು, ಹುರಿ ನಡುವೆ ತುಂಡಾಗದಿರಲು ಅದು ಬೇಕೇ ಬೇಕು.

ಗೋಡೆ 8 ಮಿಲಿಮೀಟರಿನಿಂದ ಒಂದು ಸೆಂಟಿಮೀಟರ್ ಇರಲಿ. ಗಲ್ಲ, ಮೂಗು, ತುರುಬು ದಪ್ಪವಾಗಿದ್ದರೆ ಮಣ್ಣು ಬಿಗಿದ ಮೇಲೆ ಒಳಗಿನಿಂದ ಕೊರೆದು ತೆಗೆಯಿರಿ. ಎಲ್ಲ ಕಡೆ ಮುಚ್ಚಿದ ಪೊಳ್ಳು ಭಾಗವಿದ್ದರೆ ಕಾಣದ ಜಾಗದಲ್ಲಿ ಸೂಜಿಯಿಂದ ಒಂದು ತೂತು ಮಾಡಿ. ಒಣಗಿದೆಯೋ ಇಲ್ಲವೋ ತಿಳಿಯಲು ಮಡಕೆಯ ಅತಿ ದಪ್ಪ ಭಾಗವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ. ತಣ್ಣಗೆ ತಾಗಿದರೆ ನೀರು ಇನ್ನೂ ಆರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಮುಖವಿರುವ ಮಡಕೆಗೆ ಎರಡು ವಾರವೂ ಸಾಲದಿರಬಹುದು. ಕಿಲ್ನ್‌ನಲ್ಲಿಯೂ ಮೊದಲ ರಾತ್ರಿ 80–90 ಡಿಗ್ರಿಯಲ್ಲೇ ಇಟ್ಟು, ಆಮೇಲೆ ಉರಿ ಏರಿಸುವಂತೆ ನಿಮ್ಮ ಶಿಕ್ಷಕರನ್ನು ಕೇಳಿಕೊಳ್ಳಿ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆಯ ಕಣಗಳು ತಟ್ಟನೆ ಹಿಗ್ಗುತ್ತವೆ, ತಣಿಯುವಾಗ ಅದೇ ಬಿಸಿಯಲ್ಲಿ ಕುಗ್ಗುತ್ತವೆ. ಒಂದೆಡೆ ದಪ್ಪ ಒಂದೆಡೆ ತೆಳುವಾದ ಮಡಕೆ ಅಲ್ಲಿಯೂ ಬಿರಿಯಬಹುದು. ಹಾಗಾಗಿ ಒಲೆ ಪೂರ್ತಿ ತಣಿಯುವ ಮುಂಚೆ ಬಾಗಿಲು ತೆರೆಯಬಾರದು.

ಪ್ರಶ್ನೆ: ನಾವು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿದ್ದೇವೆ. ಮಗಳ ಹೈಸ್ಕೂಲಿನ ಸೆರಾಮಿಕ್ಸ್ ತರಗತಿಯಲ್ಲಿ ಮುಖದ ಹೂಜಿ ಮಾಡಲು ಹೇಳಿದ್ದಾರೆ. ಮಾದರಿಯ ಚಿತ್ರಗಳಲ್ಲಿ ಉಬ್ಬಿದ ಕಣ್ಣು, ಕಿಸಿದ ಹಲ್ಲು. ಮಕ್ಕಳು ನಗುತ್ತಾರಂತೆ. ಇದು ಬರೀ ತಮಾಷೆಯ ಕಲೆಯೇ?
— ಕನ್ನಡಿಗ ತಾಯಿ

ಉತ್ತರ: ಅಲ್ಲ ತಾಯಿ. ನೀವಿರುವ ರಾಜ್ಯದಲ್ಲೇ ಹುಟ್ಟಿದ ಆ ಹೂಜಿಗಳ ಹಿಂದೆ ನೋವಿನ ಚರಿತ್ರೆಯಿದೆ. ಮಗಳು ಮಣ್ಣು ಮುಟ್ಟುವ ಮುಂಚೆ ಅದನ್ನು ತಿಳಿಯಲಿ.

ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್ ಪ್ರದೇಶದಲ್ಲಿ 19ನೇ ಶತಮಾನದಲ್ಲಿ ದೊಡ್ಡ ದೊಡ್ಡ ಕುಂಬಾರಿಕೆ ಕಾರ್ಖಾನೆಗಳಿದ್ದವು. ಅಲ್ಲಿ ದುಡಿದವರಲ್ಲಿ ಬಹಳ ಮಂದಿ ಗುಲಾಮರಾಗಿದ್ದ ಆಫ್ರಿಕನ್ ಮೂಲದವರು. ಅಮೆರಿಕ 1808ರಲ್ಲೇ ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿತ್ತು. ಆದರೂ 1858ರಲ್ಲಿ ‘ವಾಂಡರರ್’ ಎಂಬ ಹಡಗು ಕಾಂಗೋ ನದಿಯ ಸೀಮೆಯಿಂದ ಸೆರೆಹಿಡಿದು ತಂದ ನಾನೂರರಷ್ಟು ಜನರನ್ನು ಜಾರ್ಜಿಯಾದ ಜೆಕಿಲ್ ದ್ವೀಪದಲ್ಲಿ ಕದ್ದು ಇಳಿಸಿತು. ಅವರಲ್ಲಿ ಅನೇಕರು ಎಡ್ಜ್‌ಫೀಲ್ಡ್ ಸೇರಿದರು. ಅಲ್ಲಿಯ ಮುಖದ ಹೂಜಿಗಳು ಬಹುತೇಕ ಆ ಕಾಲದವು. ಬಹಳಷ್ಟು ಗೇಣುದ್ದದೊಳಗಿನವು. ಕಂದು, ಹಸಿರು ಬಣ್ಣದ ಗ್ಲೇಜಿನ, ಎಂದರೆ ಗಾಜಿನಂಥ ಲೇಪದ, ನಡುವೆ ಕಣ್ಣು, ಹಲ್ಲು ಮಾತ್ರ ಬೆಳ್ಳಗೆ. ಅದಕ್ಕೆ ಬಳಸಿದ್ದು ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು. ಕಾಂಗೋ ಸೀಮೆಯಲ್ಲಿ ಬಿಳಿ ಮಣ್ಣು ಪೂರ್ವಜರ ಲೋಕಕ್ಕೆ ಸೇರಿದ್ದು, ಅಲ್ಲಿನ ಶಕ್ತಿಮೂರ್ತಿಗಳಲ್ಲಿ ಅದನ್ನು ಬಳಸುತ್ತಿದ್ದರು. ಈ ಹೂಜಿಗಳಿಗೂ ಆ ನಂಬಿಕೆಗೂ ನಂಟಿದೆ ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಮಾಡಿದವರ ಹೆಸರುಗಳು ಉಳಿದಿಲ್ಲ. ನನ್ನ ಮಟ್ಟಿಗೆ ಆ ಕಿಸಿದ ಹಲ್ಲು ನಗೆಯದಲ್ಲ.

ಕೆಲಸದ ದೃಷ್ಟಿಯಿಂದಲೂ ಅವು ಬೆರಗು ಹುಟ್ಟಿಸುತ್ತವೆ. ಬಿಳಿ ಮಣ್ಣು ಕುಗ್ಗುವ ಲೆಕ್ಕವೇ ಬೇರೆ, ಮಡಕೆಯ ಮಣ್ಣು ಕುಗ್ಗುವ ಲೆಕ್ಕವೇ ಬೇರೆ. ಎರಡನ್ನೂ ಒಂದೇ ಉರಿಯಲ್ಲಿ ಬಿಡದಂತೆ ಕೂಡಿಸಿದ ಕೈಗಳಿಗೆ ಮಣ್ಣಿನ ಹದ ಎಷ್ಟು ಗೊತ್ತಿದ್ದಿರಬೇಕು!

ಅದೇ ಎಡ್ಜ್‌ಫೀಲ್ಡ್‌ನಲ್ಲಿ ಡೇವಿಡ್ ಡ್ರೇಕ್ ಎಂಬ ಗುಲಾಮ ಕುಂಬಾರನಿದ್ದ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಆ ರಾಜ್ಯದ 1834ರ ಕಾನೂನು ನಿಷೇಧಿಸಿತ್ತು. ಅಂಥ ಕಾಲದಲ್ಲಿ ಆತ ಹಸಿ ಜಾಡಿಗಳ ಮೇಲೆ ತನ್ನ ಹೆಸರು, ತಾರೀಕು, ಎರಡು ಸಾಲಿನ ಪದ್ಯಗಳನ್ನು ಕೊರೆದ. ಅವನ ಅತಿ ದೊಡ್ಡ ಜಾಡಿಗಳಲ್ಲಿ ಕೆಳಭಾಗ ತಿಗರಿಯಲ್ಲಿ ತಿರುಗಿಸಿದ್ದು, ಮೇಲ್ಭಾಗ ದಪ್ಪ ಹುರಿ ಸುತ್ತಿ ಏರಿಸಿದ್ದು. ನಿಮ್ಮ ಮಗಳು ಹುರಿ ಹೊಸೆಯುವಾಗ ಇದನ್ನು ನೆನೆಯಬಹುದು. 2022ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎಡ್ಜ್‌ಫೀಲ್ಡ್‌ನ ಕಪ್ಪು ಕುಂಬಾರರ ಕೆಲಸಕ್ಕೇ ಮೀಸಲಾದ ಪ್ರದರ್ಶನ ನಡೆಸಿತು.

ಮಗಳು ಹೂಜಿ ಮಾಡಲಿ, ಆದರೆ ಆ ಹಳೆಯ ಮುಖಗಳ ನಕಲು ಬೇಡ. ತಾನು ಬಲ್ಲ ಮುಖವೊಂದನ್ನು ಆರಿಸಿಕೊಳ್ಳಲಿ. ಊರಲ್ಲಿರುವ ತಾತನದೋ ಸೋದರಮಾವನದೋ ಆಗಬಹುದು. ತರಗತಿಯಲ್ಲಿ ತೋರಿಸುವಾಗ ಈ ಚರಿತ್ರೆಯನ್ನು ನಾಲ್ಕು ಮಾತಲ್ಲಿ ಹೇಳಲಿ. ನಗುತ್ತಿದ್ದ ಮಕ್ಕಳು ಕೇಳುತ್ತಾರೆ ಎಂದು ನನಗೆ ನಂಬಿಕೆಯಿದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ತಿಗರಿ ಇಲ್ಲ, ಕರೆಂಟಿನ ಕಿಲ್ನ್ ಇಲ್ಲ, ಮಣ್ಣು ಕೊಳ್ಳಲು ದುಡ್ಡೂ ಇಲ್ಲ. ಮಕ್ಕಳಿಗೆ ಮುಖದ ಮಡಕೆ ಮಾಡಿಸಬಹುದೇ?
— ಧಾರವಾಡ ಜಿಲ್ಲೆ

ಉತ್ತರ: ಖಂಡಿತ ಮಾಡಿಸಬಹುದು ಸರ್. ನಿಮ್ಮ ಸೀಮೆಯ ಮಕ್ಕಳಿಗೆ ಮಣ್ಣಿನ ಮುಖ ಹೊಸತಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳವು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರನ ಅಗಲ ಕಣ್ಣು, ಹುರಿ ಮೀಸೆ ಕಂಡ ಕಣ್ಣುಗಳವು. ಪಾಠ ಅಲ್ಲಿಂದಲೇ ಶುರುವಾಗಲಿ. ತಿಗರಿ ಇಲ್ಲ ಎಂಬ ಕೊರಗೂ ಬೇಡ. ಬ್ರಹ್ಮಗಿರಿ, ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಸಿಕ್ಕ ನವಶಿಲಾಯುಗದ ಬೂದುಬಣ್ಣದ ಮಡಕೆಗಳಲ್ಲಿ ಬಹುಪಾಲು ಕೈಯಲ್ಲೇ ಕಟ್ಟಿದವು.

ಕೆರೆ ಮಣ್ಣನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ನೆನೆಹಾಕಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಸೋಸಿ. ಬೇರು, ಸುಣ್ಣದ ಹರಳು ಉಳಿಯಬಾರದು. ಸುಣ್ಣದ ಹರಳು ಸುಟ್ಟ ಮೇಲೆ ತೇವ ಹೀರಿ ಉಬ್ಬಿ ಮಡಕೆಯ ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಎರೆಮಣ್ಣು ಒಂದನ್ನೇ ಬಳಸಬೇಡಿ, ಅದು ವಿಪರೀತ ಕುಗ್ಗುತ್ತದೆ. ಮಣ್ಣಿನ ಐದನೇ ಒಂದು ಪಾಲಿನಷ್ಟು ಸಣ್ಣ ಮರಳನ್ನೋ ಜರಡಿ ಹಿಡಿದ ಇಟ್ಟಿಗೆಯ ತರಿಯನ್ನೋ ಸೇರಿಸಿದರೆ ಬಿರುಕು ಕಡಿಮೆಯಾಗುತ್ತದೆ, ಆವಿಗೂ ದಾರಿಯಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಒಣ ಮಣ್ಣನ್ನು ತರಗತಿಯಲ್ಲಿ ಕುಟ್ಟುವುದು, ಒಣಗಿದ ಮಡಕೆಗೆ ಮರಳುಕಾಗದ ತಿಕ್ಕುವುದು, ಪೊರಕೆಯಲ್ಲಿ ಗುಡಿಸುವುದು ಬೇಡ. ಆ ಧೂಳಿನ ಸಿಲಿಕಾ ಮಕ್ಕಳ ಶ್ವಾಸಕೋಶಕ್ಕೆ ಕೆಟ್ಟದ್ದು. ಕುಟ್ಟುವ ಕೆಲಸ ದೊಡ್ಡವರು ಬಯಲಲ್ಲಿ ಸಣ್ಣ ಧೂಳು ತಡೆಯುವ ಮಾಸ್ಕ್ ಹಾಕಿಕೊಂಡು ಮಾಡಲಿ; ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಸುಡುವುದಕ್ಕೆ ಊರ ಕುಂಬಾರರನ್ನು ಕೇಳಿ. ಆವಿಗೆ (ಕುಂಬಾರರು ಮಡಕೆ ಸುಡುವ ಒಲೆ) ಹಾಕುವ ದಿನ ಮಕ್ಕಳ ಮಡಕೆಗಳನ್ನೂ ಸೇರಿಸಿಕೊಳ್ಳುವಂತೆ ವಿನಂತಿಸಿ. ಜಾಗಕ್ಕೂ ಉರುವಲಿಗೂ ತಕ್ಕ ಹಣ ಕೊಡಿ, ಅವರನ್ನು ಒಂದು ದಿನ ಶಾಲೆಗೆ ಅತಿಥಿ ಗುರುವಾಗಿ ಕರೆಯಿರಿ. ಮಕ್ಕಳ ಮಡಕೆ ಸಿಡಿದು ಅವರ ಸರಕು ಹಾಳಾಗಬಾರದು, ಹಾಗಾಗಿ ಚೆನ್ನಾಗಿ ಒಣಗಿದವನ್ನು ಮಾತ್ರ ಒಯ್ಯಿರಿ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ, ನಿಮಗೆ ದೂರವೇನಲ್ಲ.

ಪ್ರಶ್ನೆ: ನಾನು ಮಾಡಿದ ಮುಖಗಳೆಲ್ಲ ಒಂದೇ ಥರ, ಮುಖವಾಡದಂತೆ ಚಪ್ಪಟೆ. ಜೀವ ಬರುವುದೇ ಇಲ್ಲ.
— ಗೃಹಿಣಿ, ಶಿರಸಿ

ಉತ್ತರ: ನೀವು ಮಡಕೆಯನ್ನು ಎದುರಿನಿಂದಷ್ಟೇ ನೋಡುತ್ತಿದ್ದೀರಿ ಅನಿಸುತ್ತದೆ ಅಕ್ಕಾ. ತಿರುಗುವ ಮಣೆಯ ಮೇಲಿಟ್ಟು ಆಗಾಗ ತಿರುಗಿಸಿ, ಪಕ್ಕದಿಂದ ಹಣೆ, ಮೂಗು, ಗಲ್ಲದ ಗೆರೆಯನ್ನು ಮೊದಲು ಸರಿಪಡಿಸಿ. ಕಣ್ಣುಗಳು ತಲೆಯ ಸರಿಯರ್ಧ ಎತ್ತರದಲ್ಲಿರುತ್ತವೆ. ಕಲಿಯುವವರೆಲ್ಲ ಅವನ್ನು ಹಣೆಯ ಕಡೆಗೆ ಏರಿಸಿಬಿಡುತ್ತಾರೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ನಿಮ್ಮ ಮುಖವನ್ನೇ ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ನೋಡಿ. ಕಣ್ಣು ಗುಡ್ಡೆಯಾಗಿದ್ದು ರೆಪ್ಪೆ ಅದರ ಮೇಲೆ ಬಾಗಿದೆ ಎಂಬುದು ಬೆರಳಿಗೆ ಬೇಗ ತಿಳಿಯುತ್ತದೆ.

ಹಾಗೆಂದು ಜೀವ ಬರಲು ಎಲ್ಲವನ್ನೂ ತಿದ್ದಿ ತೀಡಬೇಕೆಂದಿಲ್ಲ. ಜಪಾನಿನಲ್ಲಿ ಸುಮಾರು 3ರಿಂದ 6ನೇ ಶತಮಾನದವರೆಗೆ ಅರಸರ ಸಮಾಧಿದಿಬ್ಬಗಳ ಮೇಲೆ ‘ಹನಿವಾ’ ಎಂಬ ಮಣ್ಣಿನ ಆಕೃತಿಗಳನ್ನು ನಿಲ್ಲಿಸುತ್ತಿದ್ದರು. ಹುರಿ ಸುತ್ತಿ ಎಬ್ಬಿಸಿದ ಪೊಳ್ಳು ಕೊಳವೆಗಳವು. ಕಣ್ಣು, ಬಾಯಿ ಎಂದರೆ ಗೋಡೆಯಲ್ಲಿ ಕತ್ತರಿಸಿದ ಮೂರು ಕಿಂಡಿಗಳು, ಅಷ್ಟೇ. ಒಳಗಿನ ಕತ್ತಲೇ ಆ ಮುಖದ ನೋಟವಾಗಿದೆ. ಮಡಕೆ ಪೊಳ್ಳು ಎಂಬುದನ್ನೇ ಹೀಗೆ ಮುಖಕ್ಕೆ ದುಡಿಸಿಕೊಂಡದ್ದು ನನಗೆ ಬಹಳ ಇಷ್ಟ. ಮುಂದಿನ ಮಡಕೆಯಲ್ಲಿ ರೆಪ್ಪೆ, ಪಾಪೆ ಏನೂ ಬೇಡ. ಗೋಡೆ ಬಿಗಿದ ಮೇಲೆ ತೆಳು ಚಾಕುವಿನಿಂದ ಕಿಂಡಿ ಮಾತ್ರ ಕೊಯ್ಯಿರಿ. ಒಂದನ್ನು ಕೂದಲೆಳೆಯಷ್ಟು ಓರೆ ಮಾಡಿ ನೋಡಿ.

ಪ್ರಶ್ನೆ: ನನ್ನ ಮುಖದ ಮಡಕೆಯ ಬಿಸ್ಕ್, ಎಂದರೆ ಗ್ಲೇಜಿಗೆ ಮುಂಚಿನ ಮೊದಲ ಸುಡುವಿಕೆ, ಆಗಿದೆ. ಗ್ಲೇಜ್ ಹಾಕಿದರೆ ಸುಕ್ಕುಗಳೆಲ್ಲ ಮುಚ್ಚಿಹೋಗುತ್ತವೆಯೇ? ಇದರಲ್ಲಿ ಕುಡಿಯುವ ನೀರಿಡಬಹುದೇ?
— ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು

ಉತ್ತರ: ದಪ್ಪ ಗ್ಲೇಜ್ ಗೆರೆಗಳಲ್ಲಿ ತುಂಬಿಕೊಂಡು ಮುಖವನ್ನು ನುಣ್ಣಗೆ ಮಾಡಿಬಿಡುತ್ತದೆ. ಕೆಂಪು ಐರನ್ ಆಕ್ಸೈಡನ್ನು ನೀರಲ್ಲಿ ತೆಳ್ಳಗೆ ಕಲಸಿ ಮುಖಕ್ಕೆಲ್ಲ ಬಳಿಯಿರಿ. ಆರಿದ ಮೇಲೆ ಒದ್ದೆ ಸ್ಪಂಜಿನಿಂದ ಒರೆಸಿ. ಉಬ್ಬಿದ ಕಡೆ ಹೋಗುತ್ತದೆ, ಸುಕ್ಕಿನಲ್ಲಿ ಉಳಿಯುತ್ತದೆ. ಇನ್ನೊಮ್ಮೆ ಸುಟ್ಟರೆ ಅದು ಭದ್ರ. ಗ್ಲೇಜ್ ಬೇಕೇ ಬೇಕೆಂದರೆ ಕೂದಲಿಗೋ ಕುತ್ತಿಗೆಗೋ ಅಷ್ಟಕ್ಕೇ ಹಚ್ಚಿ, ತಳಕ್ಕೆ ಮಾತ್ರ ಹಚ್ಚಬೇಡಿ, ಕಿಲ್ನ್‌ನ ಹಲಗೆಗೆ ಅಂಟಿಕೊಳ್ಳುತ್ತದೆ.

ಕುಡಿಯುವ ನೀರು ಬೇಡ. ಒಳಗೆ ಬೆರಳೊತ್ತಿದ ಗುಳಿಗಳಿವೆ, ಮೂಗಿನ ಪೊಳ್ಳಿದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ಪಾಚಿ ಕೂರುತ್ತದೆ. ತಳದಲ್ಲಿ ತೂತಿದ್ದರೆ ಗಿಡ ನೆಡಿ. ನಿಮ್ಮ ಕಡೆಯ ಮಳೆಗೆ ಜರೀಗಿಡ ಚೆನ್ನಾಗಿ ಬರುತ್ತದೆ. ತೂತು ಇಲ್ಲದಿದ್ದರೆ ಸುಟ್ಟ ಮಣ್ಣಿಗೆ ಡ್ರಿಲ್ಲಿನಿಂದ ತೂತು ಕೊರೆಯುವಾಗ ನೀರು ಹನಿಸುತ್ತ, ನಿಧಾನವಾಗಿ, ಒಳಗೆ ಮರದ ತುಂಡೊಂದರ ಆಸರೆ ಕೊಟ್ಟು ಕೊರೆಯಿರಿ. ಕರೆಂಟಿನ ಡ್ರಿಲ್ಲಿಗೆ ನೀರು ತಾಗಬಾರದು, ಬ್ಯಾಟರಿಯದನ್ನೇ ಬಳಸಿ.