ಪೆಪ್ಪರ್ ಸ್ಪ್ರೇ ಇದ್ದರೂ, ಇಲ್ಲದಿದ್ದರೂ

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ವಿಮಾನದ ಕ್ಯಾಬಿನ್ನಿಗೆ ಒಯ್ಯುವಂತಿಲ್ಲ. ಆದರೆ ಬ್ಯಾಗಿನ ತಳದಲ್ಲಿ ಬಿದ್ದಿದ್ದರೆ ಬೇಕಾದ ಹೊತ್ತಿಗೆ ಕೈಗೆ ಸಿಗದು. ಎದುರುಗಾಳಿಗೆ ಸಿಂಪಡಿಸಿದರೆ ನಮ್ಮ ಕಣ್ಣೇ ಉರಿಯುತ್ತದೆ. ಅದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳ ಪ್ರಕಾರ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ. ಗುರುತಿನವರ ಮನೆಯಲ್ಲಿ ಯಾರೂ ಸ್ಪ್ರೇ ಹಿಡಿದು ಕೂರುವುದಿಲ್ಲ. ಹಾಗಾಗಿ ಸಾಧನದ ಜೊತೆಗೆ ಕಾನೂನೂ ಗೊತ್ತಿರಬೇಕು.

ಬಳಸಿದರೆ ನನ್ನ ಮೇಲೇ ಕೇಸ್ ಆಗುತ್ತದೆಯೇ?

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅತ್ಯಾಚಾರದ ಉದ್ದೇಶದಿಂದ ಮೈಮೇಲೆ ಬಿದ್ದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಸೆಕ್ಷನ್ 38 ರಕ್ಷಣೆ ನೀಡುತ್ತದೆ. ಆದರೆ ಅಗತ್ಯ ಮೀರಿ ಪೆಟ್ಟು ಕೊಡುವಂತಿಲ್ಲ ಎನ್ನುತ್ತದೆ ಸೆಕ್ಷನ್ 37. ಮಾಮೂಲಿ ಜಗಳಕ್ಕೆ ಈ ರಕ್ಷಣೆ ಸಿಗದು. 2024ರಲ್ಲಿ ಕರ್ನಾಟಕ ಹೈಕೋರ್ಟ್, ಜೀವಕ್ಕೆ ಅಪಾಯವಿರಲಿಲ್ಲ ಎಂಬ ಕಾರಣಕ್ಕೆ, ಪೆಪ್ಪರ್ ಸ್ಪ್ರೇ ಬಳಸಿದವರ ಮೇಲಿನ ಪ್ರಕರಣ ರದ್ದುಪಡಿಸಲು ನಿರಾಕರಿಸಿತು.

ದುಡ್ಡು ಕೊಡದೆ ಸಿಗುವ ಸಾಧನ

ಮೊಬೈಲ್‌ಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತಬೇಕು. ಕೆಲವು ಫೋನುಗಳಲ್ಲಿ ಕ್ರಮ ಬೇರೆ ಇರುತ್ತದೆ. ಸೆಟ್ಟಿಂಗ್ಸ್‌ನ ಎಮರ್ಜೆನ್ಸಿ ವಿಭಾಗವನ್ನು ಇವತ್ತೇ ನೋಡಿಟ್ಟುಕೊಳ್ಳಿ. ಏನೂ ತೋಚದಿದ್ದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181.

ಲೈಂಗಿಕ ದೌರ್ಜನ್ಯ ನಡೆದುಹೋಗಿದ್ದರೆ

* ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಮಹಿಳಾ ಅಧಿಕಾರಿಯೇ ದೂರು ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ.
* ದಾಖಲಿಸದಿದ್ದರೆ ಎಸ್‌ಪಿಗೆ ಲಿಖಿತ ದೂರು ಕಳಿಸಿ. ನಿರಾಕರಿಸಿದ ಅಧಿಕಾರಿಗೆ ಸೆಕ್ಷನ್ 199ರಡಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಶಿಕ್ಷೆಯಾಗಬಹುದು.
* ಸರ್ಕಾರಿಯಾಗಲಿ, ಖಾಸಗಿಯಾಗಲಿ, ಆಸ್ಪತ್ರೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ವೈದ್ಯಕೀಯ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಕಡ್ಡಾಯ.
* ಸಾಧ್ಯವಾದರೆ ಪರೀಕ್ಷೆಗೆ ಮೊದಲು ಸ್ನಾನ ಮಾಡಬೇಡಿ. ಅಂದು ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿಬಿಟ್ಟಿದ್ದರೂ ದೂರು ಕೊಡಲು ಅಡ್ಡಿಯಿಲ್ಲ.

‘ಕೂಗಲಿಲ್ಲವೇಕೆ, ಸ್ಪ್ರೇ ಹೊಡೆಯಲಿಲ್ಲವೇಕೆ?’

ಈ ಪ್ರಶ್ನೆಗೆ ಅಂಜಿ ಸುಮ್ಮನಾಗುವವರು ಬಹಳ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆಂದು ಭಾವಿಸುವಂತಿಲ್ಲ ಎಂದು ಸೆಕ್ಷನ್ 63ರ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಬ್ಯಾಗಿನಲ್ಲಿ ಸ್ಪ್ರೇ ಇಟ್ಟುಕೊಳ್ಳುವುದು ನಿಮ್ಮಿಷ್ಟ. ಇಟ್ಟುಕೊಳ್ಳದಿದ್ದರೆ ಅದು ನಿಮ್ಮ ತಪ್ಪಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.