ಹಳೆಯ ಜೀಪು ಕೊಂಡವರು ಮೊದಲು ನೋಡತಕ್ಕ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಈಚೆಗೆ ಕೈಬದಲಾದ ಜೀಪುಗಳನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ. ಹಡಗುಕಟ್ಟೆಯಲ್ಲಿಯೋ ಉಕ್ಕಿನ ಕಾರ್ಖಾನೆಯಲ್ಲಿಯೋ ದುಡಿಯುವವರಿಗೆ ಹೊಸ ಬಂಡಿಯ ಬೆಲೆ ಎಟುಕದು. ಮೂವರು ಸೇರಿ ಹಳೆಯದೊಂದನ್ನು ಕೊಂಡರೆ ಅರಕು ಘಟ್ಟಕ್ಕೂ ಹೋಗಬಹುದು, ಊರಿನ ಜಾತ್ರೆಗೂ ಹೋಗಬಹುದು ಎಂಬುದು ಆಸೆ. ನಾವೂ ಹೀಗೆಯೇ ಮೂವರು ಸೇರಿ ವಿಜಯವಾಡದಲ್ಲಿ ಒಂದು ಜೀಪನ್ನು ಕೊಂಡು, ಸುಮಾರು 350 ಕಿಲೋಮೀಟರು ಓಡಿಸಿಕೊಂಡು ವಿಶಾಖಪಟ್ಟಣಕ್ಕೆ ತಂದೆವು. ತಂದ ದಿನವೇ ಕುಳಿತು ಮಾಡತಕ್ಕ ಕೆಲಸಗಳ ಪಟ್ಟಿ ಬರೆದೆವು: ಬಣ್ಣ, ಸೀಟು, ಮೇಲಿನ ಕ್ಯಾನ್‌ವಾಸು, ಹಾರನ್ನು. ಪಟ್ಟಿ ತಲೆಕೆಳಗಾಗಿದೆ ಎಂಬುದು ನಮಗೆ ತಿಳಿಯಲು ಒಂದು ವಾರ ಹಿಡಿಯಿತು.

ಭಾನುವಾರ ಬೆಳಗ್ಗೆ ಹಿಂದಿನ ಬಲಗಾಲಿಯನ್ನು ಬಿಚ್ಚೋಣವೆಂದು ಮನೆಯ ಮುಂದೆ ಜ್ಯಾಕು ಕೊಟ್ಟೆವು. ವಿಶಾಖಪಟ್ಟಣದ ಬೀದಿಗಳು ಬಹುಪಾಲು ಏರುತಗ್ಗು. ನಮ್ಮ ಬೀದಿಗೂ ತುಸು ಇಳಿಜಾರಿದೆ. ಕೈಬ್ರೇಕು ಬಿಗಿಯಾಗಿ ಎಳೆದಿದ್ದೆವು, ಬಂಡಿಯನ್ನು ಒಂದನೆಯ ಗೇರಿನಲ್ಲಿಯೂ ನಿಲ್ಲಿಸಿದ್ದೆವು. ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತೋ ಇಲ್ಲವೋ, ಜೀಪು ಮೆಲ್ಲನೆ ಮುಂದಕ್ಕೆ ಸರಿಯಿತು, ಜ್ಯಾಕು ವಾಲಿತು, ಬಂಡಿ ಧಡಕ್ಕನೆ ಕೂತಿತು. ದೈವಕೃಪೆಯಿಂದ ಅಡಿಯಲ್ಲಿ ಯಾರೂ ಇರಲಿಲ್ಲ. ಇನ್ನೆರಡು ನಿಮಿಷ ತಡವಾಗಿದ್ದರೆ ನಮ್ಮಲ್ಲೊಬ್ಬರು ಅಡಿಯಲ್ಲಿರುತ್ತಿದ್ದರು.

ಕೈಬ್ರೇಕು ಕೆಟ್ಟಿರಬೇಕೆಂದು ಬಗೆದೆವು. ಅದು ಕೆಟ್ಟಿರಲಿಲ್ಲ. ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಮೆರಿಕದ ಸೈನ್ಯಕ್ಕೆಂದು 1941ರ ಸುಮಾರಿಗೆ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮುಂದೆ ಅದೇ ಮಾದರಿ ದಶಕಗಳ ಕಾಲ ನಮ್ಮ ದೇಶದಲ್ಲಿಯೇ ತಯಾರಾಯಿತು. ಈ ಮಾದರಿಯ ಹಳೆಯ ಜೀಪುಗಳಲ್ಲಿ ಕಾಲುಬ್ರೇಕು ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಕೈಬ್ರೇಕು ಮಾತ್ರ ಯಾವ ಚಕ್ರವನ್ನೂ ಹಿಡಿಯುವುದಿಲ್ಲ. ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸು ಎಂಬ ಇನ್ನೊಂದು ಪೆಟ್ಟಿಗೆಯಿದೆ. ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ಅದರ ಕೆಲಸ. ಅಲ್ಲಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಹೊರಡುವ ಜಾಗದಲ್ಲಿ ಒಂದು ಡ್ರಮ್ಮು ಇದೆಯಷ್ಟೆ, ಕೈಬ್ರೇಕು ಹಿಡಿಯುವುದು ಅದನ್ನು. ಎಂದರೆ ಅದು ಶಾಫ್ಟನ್ನು ನಿಲ್ಲಿಸುತ್ತದೆ. ಶಾಫ್ಟಿಗೂ ಎರಡು ಚಕ್ರಗಳಿಗೂ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಸುತ್ತಲಿ ಎಂದು ಅದನ್ನು ಇಟ್ಟಿರುವುದು. ಶಾಫ್ಟು ನಿಂತಿದ್ದರೂ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಸುತ್ತಲು ಅದು ಅವಕಾಶ ಕೊಡುತ್ತದೆ. ಎರಡೂ ಚಕ್ರ ನೆಲದ ಮೇಲಿರುವಾಗ ಹಾಗೆ ಸುತ್ತಲು ಆಗದು, ಆದ್ದರಿಂದ ಬಂಡಿ ನಿಲ್ಲುತ್ತದೆ. ಒಂದನ್ನು ಎತ್ತಿದಿರೋ, ಎತ್ತಿದ ಚಕ್ರ ಗಾಳಿಯಲ್ಲಿ ಹಿಂದಕ್ಕೆ ಸುತ್ತುತ್ತದೆ, ನೆಲದ ಚಕ್ರ ಮುಂದಕ್ಕೆ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಫಲ ಅಷ್ಟೇ, ಏಕೆಂದರೆ ಗೇರು ಹಿಡಿಯುವುದೂ ಅದೇ ಶಾಫ್ಟನ್ನು. ಶಾಫ್ಟನ್ನೇ ಬಿಚ್ಚಿದರಂತೂ ಕೈಬ್ರೇಕು ಇದ್ದೂ ಇಲ್ಲದಂತೆ.

ಆದುದರಿಂದ ಕೊಂಡ ಬಂಡಿಯ ಅಡಿಯಲ್ಲಿ ಇಣುಕಿ ಈ ಡ್ರಮ್ಮು ಉಂಟೋ ಇಲ್ಲವೋ ನೋಡತಕ್ಕದ್ದು. ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡು ಕಡೆಯೂ ಗಟ್ಟಿ ಮರದ ದಿಮ್ಮಿ ಕೊಡದೆ ಜ್ಯಾಕಿಗೆ ಕೈ ಹಚ್ಚಕೂಡದು. ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಚಕ್ರ ಎತ್ತುವಾಗ ನಾಲ್ಕು ಚಕ್ರದ ಎಳೆತವನ್ನು ಹಾಕಿಟ್ಟರೆ ಮುಂದಿನ ಚಕ್ರಗಳೂ ಅದೇ ಕೈಬ್ರೇಕಿಗೆ ಸಿಕ್ಕಿ ಬಂಡಿ ನಿಲ್ಲುತ್ತದೆ. ಇದು ಹೆಚ್ಚಿನ ಭದ್ರತೆಯೇ ಹೊರತು ದಿಮ್ಮಿಗೆ ಬದಲಲ್ಲ. ಟ್ರಾನ್ಸ್‌ಫರ್ ಕೇಸಿನ ಸನ್ನೆ ನ್ಯೂಟ್ರಲಿನಲ್ಲಿದ್ದರೆ ಗೇರಿನ ಹಿಡಿತ ಪೂರ್ತಿ ತಪ್ಪುತ್ತದೆ, ಅದನ್ನೂ ನೋಡಿಕೊಳ್ಳಿ. ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಹೊರಲು ಕಬ್ಬಿಣದ ಸ್ಟ್ಯಾಂಡು ಬೇಕು. ಇಟ್ಟಿಗೆಯನ್ನಾಗಲಿ ಟೊಳ್ಳು ಸಿಮೆಂಟು ಬ್ಲಾಕನ್ನಾಗಲಿ ನಂಬಲೇಬೇಡಿ. ಅವು ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಇನ್ನು ಎಣ್ಣೆಯ ಮಾತು. ಇದಕ್ಕೆ ಜ್ಯಾಕೇ ಬೇಡ. ಜೀಪು ಎತ್ತರದ ಬಂಡಿಯಾದ್ದರಿಂದ ಚಕ್ರಗಳಿಗೆ ದಿಮ್ಮಿ ಕೊಟ್ಟು, ಚಾಪೆ ಹಾಸಿ ಅಡಿಗೆ ಸರಿದರೆ ಸಾಕು. ಸಾಧಾರಣ ಕಾರಿಗಿಂತ ಇದಕ್ಕೆ ಹೊಟ್ಟೆಗಳು ಹೆಚ್ಚು: ಎಂಜಿನ್ನು, ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸು, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಮಾರುವವನು ಎಂಜಿನ್ನಿನ ಎಣ್ಣೆಯನ್ನು ಹೊಸದಾಗಿ ಹಾಕಿ ಕಡ್ಡಿ ತೆಗೆದು ತೋರಿಸುತ್ತಾನೆ. ಮಿಕ್ಕ ನಾಲ್ಕನ್ನು ತೋರಿಸೆಂದು ಯಾರೂ ಕೇಳುವುದಿಲ್ಲ.

ವಿಜಯವಾಡದಿಂದ ಬಂದ ಬಂಡಿಗೆ ಈ ಪರೀಕ್ಷೆ ಇನ್ನೂ ಅಗತ್ಯ. 2024ರ ಸೆಪ್ಟೆಂಬರಿನ ಆರಂಭದಲ್ಲಿ ಬುಡಮೇರು ಹೊಳೆ ಉಕ್ಕಿ ಅಜಿತ್‌ಸಿಂಗ್ ನಗರ ಮೊದಲಾದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದುವು. ನಿಲ್ಲಿಸಿದಲ್ಲಿಯೇ ಮುಳುಗಿದ ವಾಹನಗಳು ಎಷ್ಟೋ. ಮುಳುಗದಿದ್ದರೂ, ಹೊಳೆ ದಾಟಿದ ಬಂಡಿಗೂ ಇದೇ ಅಪಾಯ. ಓಡಿ ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಮೇಲೆ ಇಟ್ಟಿರುವ ಸಣ್ಣ ರಂಧ್ರ ಕೆಸರಿನಿಂದ ಕಟ್ಟಿದ್ದರೆ, ಅದು ಸೀಲುಗಳ ಸಂದಿನಿಂದ ನೀರನ್ನೇ ಒಳಗೆಳೆದುಕೊಳ್ಳುತ್ತದೆ.

ಎಣ್ಣೆ ಬಸಿಯುವ ಕೆಳಗಿನ ಬಿರಡೆಯನ್ನು ನಾವು ಉತ್ಸಾಹದಿಂದ ಬಿಚ್ಚಲು ಹೊರಟಾಗ, ಗಾಜುವಾಕದ ಆಟೊನಗರದ ಒಬ್ಬ ವೃದ್ಧ ಮೇಸ್ತ್ರಿ, "ಬಾಬೂ, ಮೊದಲು ಮೇಲಿನದು ಬಿಚ್ಚುತ್ತದೋ ನೋಡಿದಿರಾ?" ಎಂದು ತೆಲುಗಿನಲ್ಲಿ ಕೇಳಿದ. ಎಂಥ ಬೆಲೆಯುಳ್ಳ ಮಾತು! ತುಂಬುವ ಬಿರಡೆ ತುಕ್ಕು ಹಿಡಿದು ಕೂತಿದ್ದರೆ, ಬಸಿದ ಮೇಲೆ ಬಂಡಿ ಎಣ್ಣೆಯಿಲ್ಲದೆ ಅಲ್ಲಿಯೇ ಉಳಿಯಿತು. (ಆಟೊನಗರದಲ್ಲಿ ಎಣ್ಣೆ ಎಂದರೆ ಕಣ್ಣು ಕಣ್ಣು ಬಿಡುತ್ತಾರೆ, ಆಯಿಲು ಎನ್ನಿ.) ಮೇಲಿನ ಬಿರಡೆ ಬಿಚ್ಚಿ ಕಿರುಬೆರಳು ಹಾಕಿದರೆ ಎಣ್ಣೆ ರಂಧ್ರದ ಕೆಳಅಂಚಿಗೆ ಸಿಕ್ಕಬೇಕು. ಬಳಿಕ ಕೆಳಗಿನದನ್ನು ಬಿಚ್ಚಿ ಬೋಗುಣಿಗೆ ಬಸಿಯಿರಿ. ಕಪ್ಪಾದರೆ ಬರಿಯ ಮುದಿ ಎಣ್ಣೆ. ಹಾಲು ಹಾಕಿದ ಚಹದಂತಿದ್ದರೆ ನೀರು ಸೇರಿದೆ. ಬಸಿದದ್ದರಲ್ಲಿ ಅಯಸ್ಕಾಂತವನ್ನು ಆಡಿಸಿ: ಬೂದುಬಣ್ಣದ ನುಣುಪು ಹಿಟ್ಟು ಅಂಟಿದರೆ ಅದು ವಯೋಧರ್ಮ, ಚೂರು ಹಲ್ಲು ಅಂಟಿದರೆ ಪೆಟ್ಟಿಗೆಯನ್ನು ಬಿಚ್ಚಿಸಲೇಬೇಕು. ಮತ್ತೆ ತುಂಬುವುದು ಕೈಪಿಡಿ ಹೇಳಿದ ಎಣ್ಣೆಯನ್ನೇ. ಈ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವುದು 90 ಸಂಖ್ಯೆಯ ಗೇರ್ ಎಣ್ಣೆ. ಹಳೆಯದನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಆಟೊನಗರದಲ್ಲಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಕಾಲುಬ್ರೇಕು ಮತ್ತು ಸ್ಟೀರಿಂಗನ್ನು ದಿನವೂ ಅದೇ ಕೆಲಸ ಮಾಡುವವರ ಕೈಗೆ ಒಪ್ಪಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಸಾಲು. ಎಲ್ಲಿ ಸೋರಿದರೂ ಇಡೀ ಬ್ರೇಕು ಹೋಯಿತು. ಡ್ರಮ್ಮು ಬಿಚ್ಚಿದಾಗ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸು ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ವಿಷ. ಒದ್ದೆಬಟ್ಟೆಯಿಂದ ಒರಸಿ ತೆಗೆಯಿರಿ.

ನಾಲ್ಕು ಚಕ್ರದ ಎಳೆತ ಸರಿಯಿದೆಯೇ ಎಂದು ಒಣ ಟಾರು ರಸ್ತೆಯಲ್ಲಿ ಪರೀಕ್ಷಿಸುವುದು ಸಲ್ಲ. ಈ ಬಂಡಿಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು, ಟಾರು ಜಾರಗೊಡದು, ಗೇರುಗಳು ಬಿಗಿದುಕೊಳ್ಳುತ್ತವೆ. ಸಡಿಲ ಮಣ್ಣಿನ ಬಯಲಿನಲ್ಲಿ ನೋಡಬೇಕು.

ಕಾಗದಪತ್ರದಲ್ಲಿ ಒಂದನ್ನು ಮರೆಯಬೇಡಿ. ಹಿಂದೆ ಪೆಟ್ರೋಲಿನ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಬಹಳ ನಡೆದಿದೆ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ, ಚಾಸಿಯ ಸಂಖ್ಯೆ, ನೋಂದಣಿ ಪತ್ರದಲ್ಲಿರುವುದು ಎಲ್ಲವೂ ಒಂದೇ ಆಗಿರಬೇಕು. ಹಣ ಕೊಡುವ ಮುಂಚೆಯೇ ನೋಡಿ.

ನಮ್ಮ ಜೀಪಿನ ಹಿಂದಿನ ಡಿಫರೆನ್ಷಿಯಲ್ ಚೊಕ್ಕವಾಗಿತ್ತು. ಮುಂದಿನದರಿಂದ ಬಂದದ್ದು ಸಾಕ್ಷಾತ್ ಚಹ. ಹೊಸ ಎಣ್ಣೆ ತುಂಬಿ, ಗಾಳಿರಂಧ್ರವನ್ನು ಶುಚಿಮಾಡಿ, ಮಣ್ಣುದಾರಿಯಲ್ಲಿ ನಾಲ್ಕು ಚಕ್ರದ ಎಳೆತದಲ್ಲಿ ಒಂದಿಷ್ಟು ಓಡಿಸಿ ಮತ್ತೆ ಬಸಿದೆವು. ಆಗಲೂ ತುಸು ಮಬ್ಬು. ಮೂರನೆಯ ಸಲ ಎಣ್ಣೆ ಜೇನಿನ ಬಣ್ಣಕ್ಕೆ ಬಂದಿತು. ಬಣ್ಣ ಬಳಿಯಲೆಂದು ಎತ್ತಿಟ್ಟ ಹಣ ಅಷ್ಟರಲ್ಲಿ ಎಣ್ಣೆಗೂ ಸ್ಟ್ಯಾಂಡುಗಳಿಗೂ ಮುಗಿದಿತ್ತು. ಆ ಸ್ಟ್ಯಾಂಡುಗಳು ಈಗ ನಮ್ಮ ಬಳಿ ಇವೆ, ಬೇಕಾದವರು ಭಾನುವಾರಗಳಂದು ಕೇಳಿ ಒಯ್ಯಬಹುದು.