ಅಳೆಯುವ ಉಪಕರಣವನ್ನೇ ಅಳೆಯುವ ಬಗೆ

ಹಾರನಹಳ್ಳಿಯು 13ನೆಯ ಶತಮಾನದ ಹೊಯ್ಸಳ ದೇಗುಲಗಳಿಗೆ ಹೆಸರಾದುದು. ಅದೇ ಜಿಲ್ಲೆಯ ಹಾಸನ ನಗರದಲ್ಲಿ 1982ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೊಮೀಟರು ಎತ್ತರದಿಂದ ಇಳಿದುಬಂದ ಕ್ಷೀಣ ರೇಡಿಯೋ ಅಲೆಯು ಕೇಬಲ್ಲಿನ ಒಂದು ಕೆಟ್ಟ ಜೋಡಣೆಯಿಂದ ಹಿಂದಿರುಗಿಬಿಟ್ಟರೆ ಫಲವೇನು? ಆದುದರಿಂದ ಇಂತಹ ಕೇಂದ್ರಗಳ ಆಂಟೆನಾ, ಕೇಬಲ್ಲುಗಳನ್ನು ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣದಿಂದ ಪರೀಕ್ಷಿಸುವರು. ಅದು ಅಲೆಯನ್ನು ಕಳುಹಿಸಿ, ಪ್ರತಿಫಲಿಸಿ ಬಂದುದೆಷ್ಟೆಂದು ಅಳೆಯುತ್ತದೆ.

ತೊಡಕೆಂದರೆ, ಉಪಕರಣದ ಸ್ವಂತ ಜೋಡಣೆಗಳೂ ಅಲೆಯನ್ನು ಕೆಡಿಸುತ್ತವೆ. ಸ್ವಲ್ಪ ಅಲೆಯು ಪರೀಕ್ಷಿಸಬೇಕಾದ ವಸ್ತುವನ್ನು ಮುಟ್ಟದೆಯೇ ಗ್ರಾಹಕಕ್ಕೆ ಸೋರುವುದು. ಹಿಂದಿರುಗಿದುದರಲ್ಲಿ ಒಂದಂಶ ಉಪಕರಣಕ್ಕೆ ತಾಗಿ ಮತ್ತೆ ವಸ್ತುವಿನೆಡೆಗೆ ಮರಳುವುದು. ದಾರಿಯಲ್ಲಿ ಅಲೆಯು ಸೊರಗಿ ತಡವಾಗುವುದು. ಬೀಜಗಣಿತ ಬಲ್ಲ ವಿದ್ಯಾರ್ಥಿಯು ಕೂಡಲೆ ಹೇಳಿಯಾನು: ಮೂರು ಅಜ್ಞಾತಗಳಿಗೆ ಮೂರು ಸಮೀಕರಣಗಳು ಬೇಕು. ಆದುದರಿಂದ ಉತ್ತರ ಮೊದಲೇ ತಿಳಿದಿರುವ ಮೂರು ತುಣುಕುಗಳನ್ನು ನಾವು ಕೇಬಲ್ಲಿನ ಕೊನೆಗೆ ಒಂದೊಂದಾಗಿ ಜೋಡಿಸುವೆವು. ಲೋಹದಿಂದ ಮುಚ್ಚಿದ ತುದಿಯು ಅಲೆಯನ್ನು ತಲೆಕೆಳಗು ಮಾಡಿ ಹಿಂದಿರುಗಿಸುವುದು. ತೆರೆದ ತುದಿಯು ತಲೆಕೆಳಗು ಮಾಡದೆ ಹಿಂದಿರುಗಿಸುವುದು. 50 ಓಮಿನ ರೋಧಕವು ನುಂಗಿಬಿಡುವುದು. ಕಂಡ ಅಳತೆಗೂ ಕಾಣಬೇಕಾದ ಅಳತೆಗೂ ಇರುವ ಅಂತರದಿಂದ, ಒಂದೊಂದು ಆವರ್ತಾಂಕಕ್ಕೂ ಬೇರೆಬೇರೆಯಾಗಿ, ಮೂರು ದೋಷಗಳೂ ಲೆಕ್ಕಕ್ಕೆ ಸಿಕ್ಕುವುವು. ಮುಂದಿನ ಅಳತೆಗಳನ್ನು ಅವುಗಳಿಂದ ತಿದ್ದಿಕೊಳ್ಳುವೆವು.

ತೆರೆದ ತುದಿಯೂ ಪೂರ್ಣವಾಗಿ ತೆರೆದುದಲ್ಲ! ಅದರ ಅಂಚಿನಲ್ಲಿ ಅಲ್ಪ ವಿದ್ಯುತ್ ಧಾರಕತೆಯುಂಟು. ಅದನ್ನೂ ಮೊದಲೇ ಅರಿತು ಲೆಕ್ಕಕ್ಕೆ ಸೇರಿಸಬೇಕು. ಬಳಿಕ ಕೇಬಲ್ಲು ಬಾಗಿದರೆ, ಇಲ್ಲವೆ ಕೋಣೆಯ ಉಷ್ಣತೆ ಬದಲಾದರೆ, ಮೂರು ತುಣುಕುಗಳನ್ನೂ ಮತ್ತೆ ಜೋಡಿಸಿ ನೋಡಬೇಕಾಗುವುದು.